ಭೂಗೋಳವನ್ನು ಕಥೆಯಾಗಿಸಿದ ಶಿಕ್ಷಕಿ: ಸೆಲ್ಮಾ ಲಾಗರ್‌ಲಾಫ್

ಸ್ವೀಡನ್ನಿನ ವೆರ್ಮ್‌ಲಾಂಡ್ ಪ್ರಾಂತ್ಯದ ಮೋರ್ಬಾಕಾ ಎಂಬ ಹಳ್ಳಿಮನೆಯಲ್ಲಿ 1858ರ ನವೆಂಬರ್ 20ರಂದು ಸೆಲ್ಮಾ ಲಾಗರ್‌ಲಾಫ್ ಜನಿಸಿದರು. ಕಾಲಿನ ಊನದಿಂದ ಆಟಪಾಟಗಳು ದೂರವಾದ ಬಾಲ್ಯಕ್ಕೆ ಅಜ್ಜಿಯ ಕಥೆಗಳೇ ಆಸರೆಯಾದವು. ಸ್ಟಾಕ್‌ಹೋಮಿನಲ್ಲಿ ಶಿಕ್ಷಕಿಯ ತರಬೇತಿ ಪಡೆದ ಅವರು 1885ರಿಂದ ಹತ್ತು ವರ್ಷ ಲಾಂಡ್ಸ್‌ಕ್ರೋನಾದ ಬಾಲಕಿಯರ ಶಾಲೆಯಲ್ಲಿ ಪಾಠ ಹೇಳಿದರು. ಆ ನಡುವೆ ತಂದೆ ತೀರಿಕೊಂಡರು; ಸಾಲದ ಹೊರೆಯಿಂದ ಮೋರ್ಬಾಕಾ ಪರರ ಪಾಲಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ದೇಶದ ಪ್ರಾಥಮಿಕ ಶಿಕ್ಷಕರ ಸಂಘವು ಮಕ್ಕಳಿಗೆ ನಾಡಿನ ಭೂಗೋಳವನ್ನು ತಿಳಿಸುವ ವಾಚನ ಪುಸ್ತಕವೊಂದನ್ನು ಅವರಿಂದ ಬಯಸಿತು. ಲಾಗರ್‌ಲಾಫ್ ನಾಡನ್ನು ಸುತ್ತಿದರು; ಪಶುಪಕ್ಷಿಗಳ ಬದುಕನ್ನೂ ಜನಪದ ಕಥೆಗಳನ್ನೂ ಅಭ್ಯಸಿಸಿದರು. ಆದರೆ ಬೆಟ್ಟ, ನದಿ, ಪಟ್ಟಣಗಳ ವಿವರವನ್ನು ಎಳೆಯರ ಮನಸ್ಸಿಗೆ ಮುಟ್ಟಿಸುವ ಬಗೆ ಸುಲಭವಾಗಿ ಹೊಳೆಯಲಿಲ್ಲ. ಕೊನೆಗೆ ಪ್ರಾಣಿಗಳನ್ನು ಪೀಡಿಸುವ ನಿಲ್ಸ್ ಎಂಬ ಸೋಮಾರಿ ಬಾಲಕನನ್ನು ಅಂಗುಷ್ಠದಷ್ಟು ಕಿರಿದಾಗಿಸಿ, ಹೆಬ್ಬಾತಿನ ಬೆನ್ನೇರಿಸಿ, ದಕ್ಷಿಣದ ಸ್ಕೋನೆಯಿಂದ ಉತ್ತರದ ಲಾಪ್‌ಲಾಂಡಿನವರೆಗೆ ಹಾರಿಸಿದರು. ಕೆಳಗಿನ ಹೊಲಗಳು ಅವನಿಗೆ ಚೌಕಳಿ ಬಟ್ಟೆಯಂತೆ ತೋರುತ್ತವೆ. ಹಕ್ಕಿಗಳ ಸಹವಾಸದಲ್ಲಿ ಅವನು ನಾಡನ್ನು ಅರಿಯುತ್ತಾನೆ, ದಯೆಯನ್ನೂ ಕಲಿಯುತ್ತಾನೆ. 1906 ಮತ್ತು 1907ರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ ಈ ಕೃತಿ ಸ್ವೀಡನ್ನಿನ ತರಗತಿಗಳಲ್ಲಿ ನೆಲೆಯೂರಿತು. ಅನ್ಯ ಭಾಷೆಗಳಿಗೂ ಸಂದಿತು.

ಪಾಠಪುಸ್ತಕ ಬರೆಯಹೊರಟ ಲೇಖಕಿಯೊಬ್ಬಳು ತಾನು ಬೆಳೆದ, ಈಗ ತನ್ನದಲ್ಲದ ಮನೆಗೆ ಬಂದು ನಿಲ್ಸ್‌ನನ್ನು ಕಾಣುವ ಪ್ರಸಂಗವೂ ಅದರಲ್ಲಿದೆ. 1907ರಲ್ಲಿ ಲಾಗರ್‌ಲಾಫ್ ಮೋರ್ಬಾಕಾದ ಮನೆಯನ್ನು ಮರಳಿ ಕೊಂಡರು. 1909ರಲ್ಲಿ ಸಾಹಿತ್ಯದ ನೊಬೆಲ್ ಪುರಸ್ಕಾರ ಪಡೆದ ಮೊದಲ ಮಹಿಳೆಯಾದರು; ಆ ಬಳಿಕ ಹೊಲಗದ್ದೆಗಳೂ ಅವರ ಕೈಸೇರಿದವು. ಅದೇ ಮನೆಯಲ್ಲಿ 1940ರ ಮಾರ್ಚ್ 16ರಂದು ಅವರು ನಿಧನರಾದರು.