ಹಾವಿಗೆ ಹಾಲು ಬೇಕೋ, ಇಲಿ ಬೇಕೋ? ಅಟ್ಟದಲ್ಲಿ ಹಾವು ಸಾಕಿದ ರೇಮಂಡ್ ಡಿಟ್ಮಾರ್ಸ್ ಬದುಕು ಹೇಳುವ ಉತ್ತರ

ನಾಗರ ಪಂಚಮಿ ಹತ್ತಿರ ಬಂತೆಂದರೆ ಹಾವು ಬಟ್ಟಲಿನಿಂದ ಹಾಲು ಕುಡಿಯುವ ವಿಡಿಯೋಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತವೆ. ಇನ್ನೊಂದು ಬಗೆಯ ವಿಡಿಯೋಗಳೂ ಇವೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಯಾರೋ ತಮ್ಮ ಸಾಕು ಹಾವಿಗೆ ಮನೆಯಲ್ಲೇ ಬೆಳೆಸಿದ ಬಿಳಿ ಇಲಿ ತಿನ್ನಿಸುತ್ತಾರೆ. ಮೊದಲನೆಯದನ್ನು ನೋಡಿ ಕೈಮುಗಿಯುವವರು ಎರಡನೆಯದನ್ನು ನೋಡಿ ಕ್ರೌರ್ಯ ಎನ್ನುತ್ತಾರೆ. ಹಾಗಾದರೆ ಹಾವಿನ ನಿಜವಾದ ಊಟ ಯಾವುದು?

ಈ ಪ್ರಶ್ನೆಯೊಂದಿಗೇ ಬದುಕು ಕಳೆದವರು ರೇಮಂಡ್ ಡಿಟ್ಮಾರ್ಸ್. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದಲ್ಲಿ ಹಾವು ಎಂದರೆ ಜನರಿಗೆ ನೆನಪಾಗುತ್ತಿದ್ದ ಹೆಸರು ಅವರದು.

ಅಟ್ಟದ ಮೇಲಿನ ಹಾವುಗಳು

ಡಿಟ್ಮಾರ್ಸ್ ಹುಟ್ಟಿದ್ದು 1876ರಲ್ಲಿ, ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಚಿಕ್ಕಂದಿನಿಂದಲೇ ಹಾವಿನ ಹುಚ್ಚು. ತಂದೆ ತಾಯಿ ಮೊದಮೊದಲು ಹಾವನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹುಡುಗ ಹಠ ಬಿಡಲಿಲ್ಲ. ಕೊನೆಗೆ ವಿಷವಿಲ್ಲದ ಹಾವುಗಳಿಗೆ ಒಪ್ಪಿಗೆ ಸಿಕ್ಕಿತು. ಹರೆಯಕ್ಕೆ ಬರುವ ಹೊತ್ತಿಗೆ ಅಟ್ಟದಲ್ಲಿ ವಿಷದ ಹಾವುಗಳೂ ಸೇರಿದ್ದವು. ಟ್ರಿನಿಡಾಡ್‌ನ ಹಾವು ಹವ್ಯಾಸಿ ಆರ್. ಆರ್. ಮೋಲ್ ಅಲ್ಲಿಂದ ಪೆಟ್ಟಿಗೆಯಲ್ಲಿ ಕಳಿಸಿದ ಹಾವುಗಳಲ್ಲಿ ಬುಷ್‌ಮಾಸ್ಟರ್ ಎಂಬ ಭಾರೀ ವಿಷದ ಹಾವೂ ಇತ್ತು.

ಹಾವು ಹಿಡಿಯುವುದಕ್ಕಿಂತ ಅದಕ್ಕೆ ಊಟ ಹೊಂದಿಸುವುದು ಕಷ್ಟ. ಹಾವು ಸಾಕಿದ ಯಾರಿಗಾದರೂ ಇದು ಬೇಗ ಗೊತ್ತಾಗುತ್ತದೆ. ಎಲ್ಲ ಹಾವುಗಳೂ ಇಲಿ ತಿನ್ನುವುದಿಲ್ಲ. ಅಮೆರಿಕದ ಗಾರ್ಟರ್ ಹಾವಿಗೆ ಎರೆಹುಳು, ಕಪ್ಪೆ, ಮೀನು ಬೇಕು. ಹಾಗ್‌ನೋಸ್ ಹಾವಿಗೆ ನೆಲಗಪ್ಪೆ ಇಷ್ಟ. ರಾಟಲ್ ಹಾವುಗಳ ಮುಖ್ಯ ಆಹಾರ ಇಲಿಯಂಥ ಬಿಸಿರಕ್ತದ ಸಣ್ಣ ಪ್ರಾಣಿಗಳು. ಬುಷ್‌ಮಾಸ್ಟರ್ ಅಂತೂ ಸೆರೆಯಲ್ಲಿ ಊಟವನ್ನೇ ಬಿಟ್ಟು ಸಾಯುವುದಕ್ಕೆ ಕುಖ್ಯಾತವಾಗಿತ್ತು.

ವರದಿಗಾರ ಮೃಗಾಲಯ ಸೇರಿದ್ದು

ಡಿಟ್ಮಾರ್ಸ್ ಕಾಲೇಜು ಓದಿದವರಲ್ಲ. 1893ರಲ್ಲಿ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಕೀಟ ವಿಭಾಗದ ಸಹಾಯಕರಾದರು. ಹೆಚ್ಚಿನ ಸಂಬಳಕ್ಕಾಗಿ ಅದನ್ನು ಬಿಟ್ಟು ಶೀಘ್ರಲಿಪಿಕಾರರಾದರು, ಬಳಿಕ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರಾದರು. ಹೊಸದಾಗಿ ಕಟ್ಟುತ್ತಿದ್ದ ಬ್ರಾಂಕ್ಸ್ ಮೃಗಾಲಯದ ಸುದ್ದಿಗೆ ಹೋದಾಗ ಅದರ ನಿರ್ದೇಶಕ ವಿಲಿಯಂ ಹಾರ್ನಡೆ ಪರಿಚಯವಾದರು. 1899ರಲ್ಲಿ ಡಿಟ್ಮಾರ್ಸ್ ಅಲ್ಲೇ ಸರೀಸೃಪ ವಿಭಾಗದ ಕೆಲಸಕ್ಕೆ ಸೇರಿದರು. ಅದೇ ವರ್ಷ ನವೆಂಬರ್‌ನಲ್ಲಿ ಮೃಗಾಲಯ ತೆರೆಯಿತು. ಮನೆಯಲ್ಲಿ ಸಾಕಿದ್ದ ಅವರ ಸ್ವಂತ ಹಾವುಗಳು ಅಲ್ಲಿಯ ಸಂಗ್ರಹಕ್ಕೆ ಸೇರಿದವು.

ಇಲ್ಲಿ ಊಟದ ಸಮಸ್ಯೆ ಇನ್ನೂ ದೊಡ್ಡದಾಯಿತು. ಕಾಳಿಂಗ ಸರ್ಪಕ್ಕೆ ಮುಖ್ಯ ಆಹಾರ ಬೇರೆ ಹಾವುಗಳೇ. ಚಳಿಗಾಲದಲ್ಲಿ ನ್ಯೂಯಾರ್ಕ್ ಸುತ್ತಲಿನ ಹಾವುಗಳು ನೆಲದಡಿ ಅಡಗಿರುವಾಗ ಅದಕ್ಕೆ ಊಟ ಎಲ್ಲಿಂದ ತರುವುದು? ದೊಡ್ಡ ಹೆಬ್ಬಾವು ತಿನ್ನಲು ನಿರಾಕರಿಸಿದರೆ ಹಲವು ಜನ ಸೇರಿ ಅದನ್ನು ಹಿಡಿದು, ಆಹಾರವನ್ನು ಕೋಲಿನಿಂದ ಗಂಟಲಿಗೆ ತಳ್ಳಬೇಕಾಗುತ್ತಿತ್ತು.

ಹಸುವಿನ ಹಾಲು ಕದಿಯುವ ಹಾವು

ನಮ್ಮ ಹಳ್ಳಿಗಳಲ್ಲಿ ಕೇರೆಹಾವು ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂಬ ಮಾತಿದೆಯಲ್ಲ? ಅಮೆರಿಕದ ರೈತರಲ್ಲೂ ಇದೇ ನಂಬಿಕೆ ಇತ್ತು. ಅಲ್ಲಿಯ ಒಂದು ಹಾವಿಗೆ ಮಿಲ್ಕ್ ಸ್ನೇಕ್, ಅಂದರೆ ಹಾಲುಹಾವು, ಎಂಬ ಹೆಸರೇ ಬಿತ್ತು. ಕೊಟ್ಟಿಗೆಯಲ್ಲಿ ಕಂಡ ಕೂಡಲೇ ಅದನ್ನು ಹೊಡೆದು ಕೊಲ್ಲುತ್ತಿದ್ದರು.

ಡಿಟ್ಮಾರ್ಸ್ ಇದನ್ನು ಸುಳ್ಳು ಎಂದು ಜನರಿಗೆ ತಿಳಿಸುತ್ತಾ ಬಂದರು. ಕಾರಣ ಸರಳ. ಹಾವಿಗೆ ಹೀರಲು ನಮ್ಮಂಥ ಮೃದುವಾದ ತುಟಿಗಳಿಲ್ಲ. ಬಾಯಿ ತುಂಬಾ ಸೂಜಿಯಂಥ ಹಲ್ಲುಗಳು. ಯಾವ ಹಸುವೂ ಅದನ್ನು ಸಹಿಸಿಕೊಂಡು ನಿಲ್ಲುವುದಿಲ್ಲ. ಆ ಸಣ್ಣ ಹೊಟ್ಟೆಯಲ್ಲಿ ಹಸುವಿನ ಹಾಲು ಕಡಿಮೆಯಾಗುವಷ್ಟು ಜಾಗವೂ ಇಲ್ಲ. ಕೊಟ್ಟಿಗೆಯಲ್ಲಿ ಕಾಳು ಇರುತ್ತದೆ, ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಅಂದರೆ ರೈತರು ಕೊಲ್ಲುತ್ತಿದ್ದುದು ತಮ್ಮ ಧಾನ್ಯ ಉಳಿಸುತ್ತಿದ್ದ ಜೀವಿಯನ್ನೇ. ನಮ್ಮ ಕೇರೆಹಾವಿನ ಕಥೆಯೂ ಇಷ್ಟೇ.

ಬಟ್ಟಲಿನ ಹಾಲಿನ ವಿಷಯ? ಬಾಯಾರಿದ ಹಾವು ಎದುರಿಗಿಟ್ಟ ದ್ರವಕ್ಕೆ ಬಾಯಿ ಹಾಕಬಹುದು. ಪ್ರದರ್ಶನಕ್ಕೆಂದು ಹಿಡಿದ ಹಾವುಗಳನ್ನು ಹಲವು ದಿನ ನೀರಿಲ್ಲದೆ ಇಡುವುದು ಇದಕ್ಕೇ. ಹಾವು ಸಸ್ತನಿಯಲ್ಲ, ಹಾಲು ಅದರ ಆಹಾರವಲ್ಲ. ಬಲವಂತವಾಗಿ ಕುಡಿಸಿದ ಹಾಲು ಶ್ವಾಸಕೋಶಕ್ಕೆ ಹೋದರೆ ಹಾವು ಸಾಯಬಹುದು.

ಪರಿಚಾರಕನ ಪ್ರಾಣ ಉಳಿಸಿದ ಔಷಧ

1907ರಲ್ಲಿ ಡಿಟ್ಮಾರ್ಸ್ ಅವರ ದ ರೆಪ್ಟೈಲ್ ಬುಕ್ ಪ್ರಕಟವಾಯಿತು. ಸಾಮಾನ್ಯ ಓದುಗರಿಗೂ ಅರ್ಥವಾಗುವಂತೆ ಬರೆದ ಅದು ಒಂದು ತಲೆಮಾರಿನ ಹುಡುಗರಿಗೆ ಹಾವಿನ ಪಾಠ ಹೇಳಿತು. ಪ್ರಾಣಿಗಳ ಚಲನಚಿತ್ರಗಳನ್ನೂ ಅವರು ತೆಗೆದರು. 1914ರ ದ ಬುಕ್ ಆಫ್ ನೇಚರ್ ಅವುಗಳಲ್ಲಿ ಒಂದು.

1916ರಲ್ಲಿ ಮೃಗಾಲಯದ ಪರಿಚಾರಕರೊಬ್ಬರಿಗೆ ರಾಟಲ್ ಹಾವು ಕಚ್ಚಿತು. ಅವರ ಸ್ಥಿತಿ ಗಂಭೀರವಾಯಿತು. ಬ್ರೆಜಿಲ್‌ನ ಹಾವಿನ ವಿಷ ತಜ್ಞ ವೈಟಲ್ ಬ್ರೆಜಿಲ್ ಆಗ ಅದೃಷ್ಟಕ್ಕೆ ನ್ಯೂಯಾರ್ಕ್‌ನಲ್ಲೇ ಇದ್ದರು. ಅವರು ಕೊಟ್ಟ ಪ್ರತಿವಿಷದಿಂದ ಪರಿಚಾರಕ ಬದುಕಿದರು. ಮುಂದೆ ಅಮೆರಿಕದಲ್ಲೇ ಪ್ರತಿವಿಷ ತಯಾರಿಸುವ ಪ್ರಯತ್ನಗಳಿಗೆ ಡಿಟ್ಮಾರ್ಸ್ ನೆರವಾದರು.

ಕೊನೆಯವರೆಗೂ ಬುಷ್‌ಮಾಸ್ಟರ್ ಅವರನ್ನು ಸೆಳೆಯುತ್ತಲೇ ಇತ್ತು. ಅದನ್ನು ಹುಡುಕಿಕೊಂಡು ಇಳಿವಯಸ್ಸಿನಲ್ಲೂ ಪನಾಮಾ, ಟ್ರಿನಿಡಾಡ್ ಕಾಡುಗಳನ್ನು ಸುತ್ತಿದರು. 1942ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ಮನೆಯಲ್ಲಿ ಬೆಳೆಸಿದ ಇಲಿಯೇ ಏಕೆ?

ಇಂದು ವಿದೇಶಗಳಲ್ಲಿ ಸಾಕುವ ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಮುಂತಾದ ಹಾವುಗಳಿಗೆ ಸಾಕಿದ ಇಲಿಯೇ ಮುಖ್ಯ ಆಹಾರ. ಇದಕ್ಕೆ ಕಾರಣಗಳಿವೆ.

ಒಂದು, ಇಡೀ ಇಲಿ ಎಂದರೆ ಪೂರ್ಣ ಊಟ. ಮೂಳೆಯಿಂದ ಕ್ಯಾಲ್ಸಿಯಂ, ಯಕೃತ್ತಿನಿಂದ ವಿಟಮಿನ್ ಸಿಗುತ್ತದೆ. ಬರೀ ಕೋಳಿ ಮಾಂಸದ ತುಂಡು ಕೊಟ್ಟರೆ ಇವು ಸಿಗುವುದಿಲ್ಲ.

ಎರಡು, ಬೀದಿಯ ಇಲಿ ಪಾಷಾಣ ತಿಂದಿರಬಹುದು, ರೋಗ ಹೊತ್ತಿರಬಹುದು. ಕಾಳು ತಿನ್ನಿಸಿ ಬೆಳೆಸಿದ ಇಲಿಯಲ್ಲಿ ಆ ಭಯ ಕಡಿಮೆ. ಸುಮಾರು 20 ದಿನಕ್ಕೆ ಮರಿ ಹಾಕುವುದರಿಂದ ಕೊರತೆಯೂ ಆಗುವುದಿಲ್ಲ.

ಮೂರು, ಅಳತೆ ನೋಡಿ ಕೊಡಬಹುದು. ಹಾವಿನ ದೇಹದ ಅತಿ ದಪ್ಪ ಭಾಗದಷ್ಟು ದಪ್ಪದ ಇಲಿ ಸಾಕು. ಸಣ್ಣ ಹಾವಿಗೆ ವಾರಕ್ಕೊಮ್ಮೆ, ದೊಡ್ಡದಕ್ಕೆ ಇನ್ನೂ ಅಪರೂಪಕ್ಕೆ.

ಜೀವಂತ ಇಲಿಯನ್ನು ಬಿಡುವುದು ಒಳ್ಳೆಯದಲ್ಲ. ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯ ಮಾಡುತ್ತದೆ. ಆದ್ದರಿಂದ ನೋವಾಗದಂತೆ ಕೊಂದು, ಶೀತಲೀಕರಿಸಿ, ಮತ್ತೆ ಬೆಚ್ಚಗೆ ಮಾಡಿ ಕೊಡುವುದು ರೂಢಿ. ತಿಂದ ಹಾವಿಗೆ ಹೊರಗಿನ ಶಾಖವೂ ಬೇಕು. ಚಳಿಯಲ್ಲಿ ಅದಕ್ಕೆ ಜೀರ್ಣವಾಗದೆ ವಾಂತಿಯಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

ಇದನ್ನು ಓದಿ ಹಾವು ಸಾಕಲು ಹೊರಡಬೇಡಿ. ನಾಗರ, ಕೇರೆ, ಹೆಬ್ಬಾವು ಮುಂತಾದ ನಮ್ಮ ಕಾಡುಹಾವುಗಳನ್ನು ಹಿಡಿದು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾವು ಕಚ್ಚಿದರೆ ತಡಮಾಡದೆ ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಿ.

ಇಲಿ ತಿನ್ನುವ ಹಾವನ್ನು ನೋಡಿ ಅಸಹ್ಯ ಪಡಬೇಕಿಲ್ಲ, ಅದು ಅದರ ಊಟ. ನಿಜವಾದ ಹಿಂಸೆ ಇರುವುದು ಬಾಯಾರಿಸಿ ಹಾಲು ಕುಡಿಸುವ ವಿಡಿಯೋದಲ್ಲಿ. ಮುಂದಿನ ಪಂಚಮಿಗೆ ಅದು ನಿಮ್ಮ ಗ್ರೂಪಿಗೆ ಬಂದರೆ, ಅಲ್ಲಿಗೇ ನಿಲ್ಲಿಸಿ.