ಸಂತ ಲೂಯಿ ಮಾರ್ಟಿನ್: ದಾರಿ ತಪ್ಪಿದ ತಂದೆ, ಜೊತೆಗಿದ್ದ ಮಗಳು



ನಿಮ್ಮ ಮನೆಯಲ್ಲಿ ವಯಸ್ಸಾದ ತಂದೆಯೋ ತಾಯಿಯೋ ರಾತ್ರಿಯಿಡೀ ನಿದ್ದೆಯಿಲ್ಲದೆ ಓಡಾಡುತ್ತಿರಬಹುದು, ಬಾಗಿಲು ತೆಗೆದು ಹೊರಡಲು ಹವಣಿಸುತ್ತಿರಬಹುದು. ಹಾಗಿದ್ದರೆ ಬಾಲಯೇಸುವಿನ ಸಂತ ತೆರೇಸಾರ ತಂದೆ ಲೂಯಿ ಮಾರ್ಟಿನ್‌ರವರ ಬಾಳಿನ ಕೊನೆಯ ಆರು ವರ್ಷಗಳನ್ನು ನೀವು ತಿಳಿಯಬೇಕು.

ಲೂಯಿ 1823ರಲ್ಲಿ ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ ಜನಿಸಿದರು. ಅಲೆನ್ಸೋನ್ ಪಟ್ಟಣದಲ್ಲಿ ಗಡಿಯಾರದ ಕಸುಬು ಮಾಡುತ್ತಿದ್ದ ಅವರು 1858ರಲ್ಲಿ ಝೆಲೀ ಗೆರೇನ್‌ರನ್ನು ಮದುವೆಯಾದರು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದದ್ದು ಐದು ಹೆಣ್ಣುಮಕ್ಕಳು. 1877ರಲ್ಲಿ ಝೆಲೀ ಕ್ಯಾನ್ಸರಿನಿಂದ ತೀರಿಕೊಂಡಾಗ ಲೂಯಿ ಮಕ್ಕಳೊಡನೆ ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿದರು. 1888ರ ಏಪ್ರಿಲ್‌ನಲ್ಲಿ ಹದಿನೈದರ ತೆರೇಸಾ ಕಾರ್ಮೆಲ್ ಮಠ ಸೇರಿದರು. ಕಿರಿಯ ಮಗಳನ್ನೂ ತಂದೆ ಸಂತೋಷದಿಂದಲೇ ದೇವರಿಗೆ ಒಪ್ಪಿಸಿದರು.

ಅದೇ ಜೂನ್ 23ರಂದು ಲೂಯಿ ಮನೆಯಿಂದ ಕಾಣೆಯಾದರು. ನಾಲ್ಕು ದಿನಗಳ ನಂತರ ಲ ಹಾವ್ರ್ ಬಂದರಿನಲ್ಲಿ ಸಿಕ್ಕಿದರು. ಮೆದುಳಿನ ರಕ್ತನಾಳಗಳ ರೋಗ ಅವರ ನೆನಪು, ವಿವೇಕಗಳನ್ನು ಕದಡಿತ್ತು. 1889ರ ಫೆಬ್ರವರಿಯಲ್ಲಿ, ಯುದ್ಧ ನಡೆಯುತ್ತಿದೆಯೆಂದು ಭ್ರಮಿಸಿ, ಮಕ್ಕಳನ್ನು ಕಾಪಾಡಲು ಪಿಸ್ತೂಲು ಹಿಡಿದರು. ಬೇರೆ ದಾರಿ ಕಾಣದೆ ಮನೆಯವರು ಫೆಬ್ರವರಿ 12ರಂದು ಅವರನ್ನು ಕಾಂ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವರು ಮೂರು ವರ್ಷ ಇದ್ದರು.

ಮಗಳು ಮಠ ಸೇರಿದ್ದರಿಂದಲೇ ತಂದೆಗೆ ಹೀಗಾಯಿತೆಂದು ಊರವರು ಆಡಿಕೊಂಡರು. ಆ ಮಾತು ಮಕ್ಕಳ ಎದೆಗೆ ಇರಿಯಿತು. ಆದರೆ ತೆರೇಸಾ ತಂದೆಯ ಕಳೆಗುಂದಿದ ಮುಖದಲ್ಲಿ ಪಾಡುಪಟ್ಟ ಪ್ರಭುವಿನ ಪವಿತ್ರ ವದನವನ್ನು ಕಂಡರು.

ಆಸ್ಪತ್ರೆಗೆ ಸೇರಿಸಿದ್ದು ಕೈಬಿಟ್ಟಂತೆಯೇ? ಅಲ್ಲ. ಸೆಲೀನ್ ಮತ್ತು ಲಿಯೋನಿ ಕೆಲವು ತಿಂಗಳು ಕಾಂ ನಗರದಲ್ಲಿಯೇ ತಂಗಿ ತಂದೆಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಕಾಲುಗಳ ಶಕ್ತಿ ಉಡುಗಿ ಅಲೆದಾಟ ನಿಂತ ಮೇಲೆ, 1892ರ ಮೇ ತಿಂಗಳಲ್ಲಿ, ತಂದೆಯನ್ನು ಮನೆಗೆ ಕರೆತಂದರು. ಸೆಲೀನ್‌ಗೂ ಮಠದ ಕರೆಯಿತ್ತು. ಆಕೆ ಅದನ್ನು ಮುಂದಕ್ಕೆ ಹಾಕಿ ತಂದೆಯ ಸೇವೆಗೆ ನಿಂತರು. ಸೋದರಮಾವನ ಮನೆಯವರೂ ಕೆಲಸದವರೂ ಹೆಗಲು ಕೊಟ್ಟರು. 1894ರ ಜುಲೈ 29ರಂದು ಲೂಯಿ ಕಣ್ಣು ಮುಚ್ಚಿದಾಗ ಸೆಲೀನ್ ಪಕ್ಕದಲ್ಲಿದ್ದರು. ಸೆಪ್ಟೆಂಬರ್ 14ರಂದು ಆಕೆಯೂ ಕಾರ್ಮೆಲ್ ಸೇರಿದರು. 2015ರ ಅಕ್ಟೋಬರ್ 18ರಂದು ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು ಲೂಯಿ-ಝೆಲೀ ದಂಪತಿಗಳನ್ನು ಒಟ್ಟಿಗೆ ಸಂತ ಪದವಿಗೇರಿಸಿದರು.

ಪ್ರಿಯರೇ, ಬುದ್ಧಿ ಮಂಕಾಗಬಹುದು, ಆದರೆ ದೇವರು ತನ್ನ ರೂಪದಲ್ಲಿ ಸೃಷ್ಟಿಸಿದ ಆತ್ಮದ ಘನತೆ ಕುಂದುವುದಿಲ್ಲ. ನಿಮ್ಮ ಹಿರಿಯರು ಬೈದರೆ, ಬಡಿದರೆ ಅದು ರೋಗ, ಪಾಪವಲ್ಲ. ವಾದ ಬೇಡ, ಕೈಹಿಡಿದು ಕುಳಿತುಕೊಳ್ಳಿ, ಅವರಿಗೆ ರೂಢಿಯಾದ ಜಪಸರವನ್ನು ಮೆಲ್ಲನೆ ಹೇಳಿ. ವೈದ್ಯರ ನೆರವು ಪಡೆಯಲು ನಾಚಬೇಡಿ. ರೋಗಿಗಳ ಅಭಿಷೇಕಕ್ಕೆ ಗುರುಗಳನ್ನು ಕೊನೆಯ ಗಳಿಗೆಯವರೆಗೆ ಕಾಯದೆ ಕರೆಯಿರಿ. ಸೇವೆಯ ಭಾರವನ್ನು ಒಬ್ಬ ಮಗಳ ಅಥವಾ ಒಬ್ಬ ಸೊಸೆಯ ತಲೆಗೆ ಕಟ್ಟಬೇಡಿ. ನೆರೆಮನೆಯವರಾಗಿದ್ದರೆ ಆಡಿಕೊಳ್ಳುವ ಬದಲು ಒಂದು ರಾತ್ರಿ ಹೋಗಿ ರೋಗಿಯ ಬಳಿ ಕುಳಿತುಕೊಳ್ಳಿ. ಆ ಮಗಳು ನಿದ್ದೆ ಮಾಡಲಿ.

ಸಂತ ಲೂಯಿ ಮಾರ್ಟಿನ್‌ರೇ, ನಿದ್ದೆಗೆಟ್ಟ ನಮ್ಮ ಮನೆಗಳಿಗಾಗಿ ಪ್ರಾರ್ಥಿಸಿರಿ.