ಡಾ. ಫ.ಗು. ಹಳಕಟ್ಟಿಯವರು ಮತ್ತು ನಮ್ಮ ಜಿಲ್ಲೆಯ ಬರದ ಕೆಲಸ

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡ್ರಿ ಎಂದು ಅಧ್ಯಕ್ಷರು ಹೇಳಿದಾಗ ನಾವು ಎರಡು ದಿನ ವಿಚಾರ ಮಾಡಿದೆವು. ನಮ್ಮ ಓದು ಎಸ್.ಎಸ್.ಎಲ್.ಸಿ. ತನಕ, ಉಳಿದದ್ದೆಲ್ಲಾ ಹೊಲದಾಗ ಕಲಿತದ್ದು. ಹಿಂಗಾಗಿ ದೊಡ್ಡ ವಿಷಯಕ್ಕೆ ಕೈ ಹಾಕದೆ ನಮ್ಮ ಜಿಲ್ಲೆಗೆ ಬಾಳ್ವೆ ಸವೆಸಿದ ಒಬ್ಬ ಹಿರಿಯರ ಬಗ್ಗೆ ನಾಲ್ಕು ಮಾತು ಬರೆಯುತ್ತೇವೆ. ತಪ್ಪಿದ್ದರೆ ಸದಸ್ಯ ಬಾಂಧವರು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ಹಳಕಟ್ಟಿಯವರ ಹೆಸರು ಹೇಳಿದರೆ ನಮ್ಮವರಿಗೆ ನೆನಪಾಗುವುದು ವಚನಗಳು. ತಾಡೋಲೆ ಹುಡುಕಿಕೊಂಡು ಊರೂರು ತಿರುಗಿದ್ದು, 1923 ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದ್ದು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದ್ದು ಎಲ್ಲರಿಗೂ ಗೊತ್ತೈತಿ. ಜುಲೈ 2 ಕ್ಕೆ ಶಾಲೆಯಲ್ಲಿ ಫೋಟೋ ಇಟ್ಟು ಹಾರ ಹಾಕುತ್ತೇವೆ. ಆದರೆ ಅದೇ ಮನುಷ್ಯ ಬರದ ಸಲುವಾಗಿ ದುಡಿದದ್ದು, ಒಕ್ಕಲುತನದ ಸಲುವಾಗಿ ಸಂಘ ಕಟ್ಟಿದ್ದು ಫೋಟೋದಾಗ ಕಾಣುವುದಿಲ್ಲ. ನಾವು ಬರೆಯುವುದು ಅದನ್ನು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ, 1880 ರ ಜುಲೈ 2 ರಂದು. ತಂದೆಯವರು ಶಿಕ್ಷಕರು, ಕನ್ನಡದಲ್ಲಿ ಬರೆಯುವವರು. ಮುಂಬಯಿಯಲ್ಲಿ ಬಿ.ಎ. ಮುಗಿಸಿ 1904 ರಲ್ಲಿ ವಕೀಲಿ ಪರೀಕ್ಷೆ ಪಾಸಾದರು. ಸ್ವಲ್ಪೇ ದಿನದಲ್ಲಿ ಬಿಜಾಪುರಕ್ಕೆ ಬಂದು ನಿಂತರು. ನಮ್ಮ ದೇಶದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಆದದ್ದೂ ಅದೇ 1904 ರಲ್ಲಿ. ಮುಂದಿನ ವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಮೊದಲ ಸೊಸಾಯಟಿ ಹುಟ್ಟಿತು.

ಅವರು ಬಂದ ಬಿಜಾಪುರ ಎಂಥಾದ್ದು ಎಂಬುದನ್ನು ನೆನಪು ಮಾಡಿಕೊಳ್ಳಬೇಕು. 1876 ರಿಂದ 78 ರ ದೊಡ್ಡ ಬರ ಕಂಡವರು ಇನ್ನೂ ಬದುಕಿದ್ದರು. ಅದಕ್ಕೂ ಹಿಂದೆ 1791-92 ರಲ್ಲಿ ಡೋಗಿ ಬರ ಬಿದ್ದಿತ್ತು; ಊರಿಗೆ ಊರೇ ಹಾಳು ಬಿದ್ದು, ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆ ಅಡವಿಯಲ್ಲಿ ಬಿದ್ದಿದ್ದವು ಎಂದೇ ಆ ಹೆಸರು. ನಮ್ಮ ಭಾಗದಲ್ಲಿ ವರ್ಷಕ್ಕೆ ಸರಾಸರಿ 55-60 ಸೆಂಟಿಮೀಟರ್ ಮಳೆ. ಅದೂ ನಾಲ್ಕು ದಿನದಲ್ಲಿ ಸುರಿದು ಹೋದರೆ ಎರಿ ಹೊಲದಾಗ ನೀರು ಇಂಗುವುದಿಲ್ಲ. ಮೇಲಿನ ಮಣ್ಣು ಹೊತ್ತುಕೊಂಡು ಹಳ್ಳಕ್ಕೆ ಇಳಿಯುತ್ತದೆ. ಹಿಂಗಾರಿ ಬಿಳಿಜೋಳ ಬೆಳೆಯುವುದು ಭೂಮಿಯಲ್ಲಿ ನಿಂತ ಹಸಿಯ ಮೇಲೆ. ಹಸಿ ನಿಲ್ಲಬೇಕಾದರೆ ಒಡ್ಡು ಬೇಕು. ಒಡ್ಡು ಹಾಕಲು ಬಡ ಒಕ್ಕಲಿಗನ ಕೈಯಾಗ ರೊಕ್ಕ ಬೇಕು. ಸರಕಾರದ ತಗಾವಿ ಸಾಲ ಕಾಗದದ ಮೇಲೆ 1883 ರ ಕಾಯ್ದೆಯಿಂದ ಇತ್ತು. ಆದರೆ ಹಳ್ಳಿಯವ ಮಾಮಲೇದಾರರ ಬಾಗಿಲಿಗೆ ಹೋಗುವ ಮೊದಲು ಸಾವಕಾರನ ಬಾಗಿಲಿಗೆ ಹೋಗುತ್ತಿದ್ದ.

ಕೋರ್ಟಿಗೆ ಬರುವ ಕಕ್ಷಿದಾರರು ಬಹುತೇಕ ಒಕ್ಕಲಿಗರೇ. ಸಾಲ, ಜಪ್ತಿ, ಹೊಲ ಹರಾಜು. ವಕೀಲರು ಇದನ್ನು ನೋಡಿಯೇ ಸಂಘ ಕಟ್ಟುವ ಕೆಲಸಕ್ಕೆ ಇಳಿದಿರಬೇಕು ಎಂದು ನಮ್ಮ ತಿಳಿವಳಿಕೆ. 1910 ರಲ್ಲಿ ಬಿ.ಎಲ್.ಡಿ.ಇ. ವಿದ್ಯಾ ಸಂಸ್ಥೆ, 1912 ರಲ್ಲಿ ಸಿದ್ಧೇಶ್ವರ ಬ್ಯಾಂಕು, ಆ ಮೇಲೆ ಹತ್ತಿ ಮಾರಾಟ ಸಂಘ, ಗ್ರಾಮೀಣ ಅಭಿವೃದ್ಧಿಗೊಂದು ಸಂಘ, ನೇಕಾರರಿಗೊಂದು. ಅವುಗಳ ಸಾಲಿನಲ್ಲೇ ಬರ ನಿವಾರಣೆಗೆ ಒಂದು ಸಂಸ್ಥೆ.

ಈ ಬರ ನಿವಾರಣಾ ಸಂಸ್ಥೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಬರ ಬಿದ್ದಾಗ ಗಂಜಿ ಕೇಂದ್ರ ತೆರೆಯುವುದು, ಕಲ್ಲು ಒಡೆಸುವುದು, ರಸ್ತೆ ಹಾಕಿಸುವುದು ಇಂಗ್ಲಿಷರ ಸರಕಾರವೂ ಮಾಡುತ್ತಿತ್ತು. ಗದಗ-ಹೊಟಗಿ ರೈಲು ಹಳಿಯೂ ಬರಗಾಲದ ಹೆಸರಿನಲ್ಲೇ ಬಂದದ್ದು. ಆದರೆ ಮಳೆ ಬಿದ್ದ ಕೂಡಲೇ ಸರಕಾರವೂ ಮರೆಯುತ್ತಿತ್ತು, ನಾವೂ ಮರೆಯುತ್ತಿದ್ದೆವು. ಜನ ಹಗೇವು ತುಂಬಿದ ಮೇಲೆ ಒಡ್ಡಿನ ಮಾತು ಎತ್ತುವುದಿಲ್ಲ. ಮಳೆ ಬಂದ ವರ್ಷವೂ ಬಾಗಿಲು ತೆರೆದಿರುವ, ಬರದ ಮಾತನ್ನು ಬಿಡದೆ ಆಡುವ ಒಂದು ಸಂಸ್ಥೆ ಬೇಕಿತ್ತು. ಹಳಕಟ್ಟಿಯವರು ಮಾಡಿದ ದೊಡ್ಡ ಕೆಲಸ ಇದು ಎಂದು ನಮಗೆ ಅನಿಸುತ್ತದೆ.

1920 ರಲ್ಲಿ ಅವರು ಮುಂಬಯಿ ಶಾಸನ ಸಭೆಗೆ ಸದಸ್ಯರಾದರು. ಆಗ ಹೊಸ ಸುಧಾರಣೆ ಬಂದಿತ್ತು. ಒಕ್ಕಲುತನ ಮತ್ತು ಸಹಕಾರಿ ಖಾತೆಗಳು ಮಂತ್ರಿಗಳ ಕೈಗೆ ಬಂದವು. ನೀರಾವರಿ ಮತ್ತು ಕಂದಾಯ ಮಾತ್ರ ಗವರ್ನರ ಕಡೆಯೇ ಉಳಿದವು. ಅಂದರೆ ಬೀಜದ ಮಾತು ಒಂದು ಬಾಗಿಲಿಗೆ, ನೀರಿನ ಮಾತು ಇನ್ನೊಂದು ಬಾಗಿಲಿಗೆ. ಇಂಥಲ್ಲಿ ಒಬ್ಬ ಸದಸ್ಯ ಎದ್ದು ನಿಂತರೆ ಎಷ್ಟು ನಡೆದೀತು? ಹಿಂದೆ ಜನ ಬೇಕು, ಸಂಘ ಬೇಕು, ಪತ್ರಿಕೆ ಬೇಕು. ಅವರು 1926 ರಲ್ಲಿ ಶಿವಾನುಭವ, 1927 ರಲ್ಲಿ ನವಕರ್ನಾಟಕ ವಾರಪತ್ರಿಕೆ ಶುರು ಮಾಡಿದರು. ಇಷ್ಟರ ನಡುವೆ 1926 ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೂ ಅಧ್ಯಕ್ಷರಾದರು. ಎಂದು ಊಟ ಮಾಡುತ್ತಿದ್ದರೋ ಎಂದು ಮಲಗುತ್ತಿದ್ದರೋ ದೇವರೇ ಬಲ್ಲ!

ಮುಂದೆ 1933 ರಲ್ಲಿ ಬಿಜಾಪುರದಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರ ಆಯಿತು. ಸೊಲ್ಲಾಪುರ, ರಾಯಚೂರು, ಹಗರಿ, ರೋಹತಕದ ಜೋಡಿ ನಮ್ಮದೂ ಒಂದು. ಒಡ್ಡು ಹಾಕುವುದು, ಸಾಲು ಅಗಲ ಬಿಡುವುದು, ಬೀಜ ಕಡಿಮೆ ಬಿತ್ತುವುದು, ಮೇಲಿಂದ ಮೇಲೆ ಎಡೆ ಹೊಡೆಯುವುದು ಅಲ್ಲಿಂದಲೇ ಪ್ರಚಾರಕ್ಕೆ ಬಂದವು. 1942 ರಲ್ಲಿ ಮುಂಬಯಿ ಸರಕಾರ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಮಾಡಿತು. ಒಬ್ಬೊಬ್ಬರ ಹೊಲವಲ್ಲ, ಊರಿನ ಇಳಿಜಾರನ್ನೆಲ್ಲಾ ಒಂದೇ ಯೋಜನೆಯಲ್ಲಿ ತೆಗೆದುಕೊಂಡು ಒಡ್ಡು ಹಾಕುವ ದಾರಿ ಇದರಿಂದ ಆಯಿತು. ಇವೆಲ್ಲಾ ಹಳಕಟ್ಟಿಯವರೊಬ್ಬರಿಂದಲೇ ಆದವು ಅಂತ ನಾವು ಹೇಳುವುದಿಲ್ಲ, ಅದು ಸುಳ್ಳಾದೀತು. ಆದರೆ ಕೇಳುವ ಬಾಯಿ ಇಲ್ಲದ ಊರಿಗೆ ಸರಕಾರದ ರೊಕ್ಕ ಬರುವುದಿಲ್ಲ, ಆ ಬಾಯಿ ಅವರಂಥವರು ಕೊಟ್ಟದ್ದು.

ಅದೇ ಕಾಲಕ್ಕೆ ಅಮೇರಿಕದಲ್ಲೂ ಇಂಥಾದ್ದೇ ಒಂದು ಸಂಗತಿ ನಡೆಯಿತು. ಅಲ್ಲಿ ಬಯಲು ನಾಡಿನ ಮಣ್ಣು ಗಾಳಿಗೆ ಹಾರಿ ಹೋಗುತ್ತಿತ್ತು. ಹ್ಯೂ ಬೆನೆಟ್ ಎಂಬ ಅಧಿಕಾರಿ 1935 ರಲ್ಲಿ ರಾಜಧಾನಿಯ ಸಭೆಯ ಮುಂದೆ ಮಣ್ಣು ಉಳಿಸಲು ರೊಕ್ಕ ಕೇಳುತ್ತಿದ್ದಾಗ ಆ ಧೂಳೇ ಬಂದು ಊರಿನ ಆಕಾಶ ಮುಚ್ಚಿತಂತೆ. ಏಪ್ರಿಲ್ 27 ಕ್ಕೆ ಕಾಯ್ದೆ ಪಾಸಾಯಿತು. ನಮ್ಮ ಝಳಕಿಯ ಧೂಳು ಮುಂಬಯಿಗೂ ಮುಟ್ಟಲಿಲ್ಲ, ಬೆಂಗಳೂರಿಗೂ ಮುಟ್ಟುವುದಿಲ್ಲ. ಕಾಗದ ತೆಗೆದುಕೊಂಡು ನಾವೇ ಹೋಗಬೇಕು.

ಹಳಕಟ್ಟಿಯವರಿಗೆ ರಾವಬಹಾದ್ದೂರ ಪದವಿ ಸಿಕ್ಕಿತು, 1956 ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಗಳಿಸಿದ್ದು ಮಾತ್ರ ಕೈಯಲ್ಲಿ ಉಳಿಯಲಿಲ್ಲ. 1964 ರ ಮೇ 22 ರಂದು ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಅದಾಗಿ 38 ದಿನಕ್ಕೆ, ಜೂನ್ 29 ರಂದು, ಹಳಕಟ್ಟಿಯವರು ಲಿಂಗೈಕ್ಯರಾದರು.

ಇನ್ನು ನಮ್ಮ ಮಾತು. ನಮ್ಮ ತಂದೆಯವರು ಕಾಯ್ದುಕೊಂಡು ಬಂದ ಒಡ್ಡನ್ನು ನಾವೇ ಟ್ರ್ಯಾಕ್ಟರ್ ಹಚ್ಚಿ ಕೆಡವಿದೆವು. ಸಾಲು ನೇರ ಬರಲಿ, ನಾಲ್ಕು ಸಾಲು ಹೆಚ್ಚು ಬಿತ್ತೋಣ ಎಂಬ ಆಸೆ. ಎರಡನೇ ವರ್ಷದ ಮಳೆಗೆ ಹೊಲದ ನಡುವೆ ಆಳೆತ್ತರ ಕೊರಕಲು ಬಿತ್ತು. ಕೆಳಗಿನ ಹೊಲದ ಅಣ್ಣಾವರು ಒಂದು ಬೈಗುಳವನ್ನೂ ಬೈಯಲಿಲ್ಲ, ಅದೇ ನಮಗೆ ಹೆಚ್ಚು ನಾಚಿಕೆ ಆಯಿತು. ಮುಂದೆ ಜಲಾನಯನ ಕೆಲಸಕ್ಕೆ ಅಂತ ಹಳ್ಳದ ಎರಡೂ ದಂಡೆಯ ಹೊಲದವರ ಒಪ್ಪಿಗೆ ಕೇಳಿದಾಗ ಅರ್ಧ ಜನ ಸಹಿ ಮಾಡಲಿಲ್ಲ. ಆ ವರ್ಷ ಮಳೆ ಚಲೋ ಇತ್ತು. ಕೆಲಸ ಬೇರೆ ಊರಿಗೆ ಹೋಯಿತು. ಇದರಾಗ ಯಾರ ತಪ್ಪೂ ಇಲ್ಲ, ನಮ್ಮದೇ.

ಈ ಬಾರಿ ಆಡಳಿತ ಮಂಡಳಿಯವರು ಒಪ್ಪಿಗೆ ಪತ್ರವನ್ನು ಸೊಸಾಯಟಿಯಲ್ಲೇ ಇಟ್ಟಿದ್ದೇವೆ. ಸರ್ವೆ ನಂಬರ ಪ್ರಕಾರ ಹೆಸರು ಬರೆದದ್ದೈತಿ. ಗೊಬ್ಬರ ಒಯ್ಯಲು, ಸಾಲ ತುಂಬಲು ಬಂದಾಗ ಕಾರ್ಯದರ್ಶಿಗಳನ್ನು ಕೇಳಿದರೆ ಕಪಾಟಿನಿಂದ ತೆಗೆದು ಕೊಡುತ್ತಾರೆ. ಕೆಳಗಿನ ಹೊಲದ ಅಣ್ಣಾವರು ಮೊದಲು ಸಹಿ ಮಾಡಿದ್ದಾರೆ, ಎರಡನೇದ್ದು ನಮ್ಮದು.